ಭಾವಿ ಶಿಕ್ಷಕರಿಗೂ ಜೀವಶಾಸ್ತ್ರದ ಪಾಠ ಬೇಕು

ಸಂಪಾದಕರಿಗೆ,

ಮಾನ್ಯರೇ,

ಪ್ರಾಥಮಿಕ ಶಾಲಾ ಶಿಕ್ಷಕರಾಗಲು ಡಿ.ಎಲ್‌.ಇಡಿ. ತರಬೇತಿ ಪಡೆಯುತ್ತಿರುವ ನಮ್ಮಲ್ಲಿ ಅನೇಕರು ಪಿಯುಸಿಯಲ್ಲಿ ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಓದಿ ಬಂದವರು. ನಮ್ಮ ಜೀವಶಾಸ್ತ್ರದ ಓದು ಎಸ್‌ಎಸ್‌ಎಲ್‌ಸಿಗೇ ನಿಂತಿದೆ. ಅದೂ ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಮಟ್ಟಿಗೆ. ಎರಡು ವರ್ಷಗಳ ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನೂ ಪಾಠೋಪಕರಣ ತಯಾರಿಸುವುದನ್ನೂ ಶ್ರದ್ಧೆಯಿಂದಲೇ ಕಲಿಸುತ್ತಾರೆ. ಆದರೆ ಬೋಧಿಸಬೇಕಾದ ವಿಷಯ ನಮಗೆ ಮೊದಲೇ ಗೊತ್ತಿದೆ ಎಂದು ಭಾವಿಸಿ ಮುಂದೆ ಸಾಗುವುದನ್ನು ನಾನು ಕಾಣುತ್ತಿದ್ದೇನೆ. ಒಂದರಿಂದ ಐದನೇ ತರಗತಿಯ ಶಿಕ್ಷಕರಿಗಾಗಿ ನಡೆಯುವ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ 150 ಅಂಕಗಳ ಪೈಕಿ ಪರಿಸರ ಅಧ್ಯಯನಕ್ಕೆ ಮೀಸಲಾದದ್ದು 30 ಮಾತ್ರ. ಅದರಲ್ಲೂ ಜೀವಶಾಸ್ತ್ರದ್ದು ಒಂದು ಪಾಲಷ್ಟೆ ಆದ್ದರಿಂದ, ಆ ಭಾಗವನ್ನು ಬದಿಗಿಟ್ಟೂ ಅರ್ಹತೆ ಗಳಿಸಬಹುದು.

ಗಿಡಗಳು ಹಗಲು ಇಂಗಾಲದ ಡೈಆಕ್ಸೈಡ್‌ ತೆಗೆದುಕೊಳ್ಳುತ್ತವೆ, ರಾತ್ರಿ ಮಾತ್ರ ಉಸಿರಾಡುತ್ತವೆ ಎಂಬ ಮಾತು ಬೋಧನಾಭ್ಯಾಸದ ತರಗತಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದೆಂಬ ಹಿರಿಯರ ಮಾತಿಗೆ ಇದನ್ನೇ ವೈಜ್ಞಾನಿಕ ಕಾರಣವೆಂದು ಜೋಡಿಸುವವರೂ ಇದ್ದಾರೆ. ವಾಸ್ತವದಲ್ಲಿ ಸಸ್ಯಗಳು ಹಗಲಿರುಳೂ ಉಸಿರಾಡುತ್ತವೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆ ಹೆಚ್ಚು ವೇಗವಾಗಿ ನಡೆಯುವುದರಿಂದ ಉಸಿರಾಟ ನಮ್ಮ ಗಮನಕ್ಕೆ ಬರುವುದಿಲ್ಲ. ಮೊಳಕೆಯೊಡೆದ ಹೆಸರುಕಾಳನ್ನೂ ಸುಣ್ಣದ ತಿಳಿನೀರಿನ ಸಣ್ಣ ಬಟ್ಟಲನ್ನೂ ಒಂದು ಬಾಟಲಿಯಲ್ಲಿಟ್ಟು ಭದ್ರವಾಗಿ ಮುಚ್ಚಿದರೆ ಕಾಳು ಉಸಿರಾಡಿ ಹೊರಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಮರುದಿನದ ಹೊತ್ತಿಗೆ ತಿಳಿನೀರು ಬೆಳ್ಳಗಾಗಿರುತ್ತದೆ. ಎಲೆ ಅಡಿಕೆಯ ಸುಣ್ಣ ಸಿಗದ ಊರು ನಮ್ಮಲ್ಲಿ ಇಲ್ಲವಾದ್ದರಿಂದ ಈ ಪ್ರಯೋಗಕ್ಕೆ ಅನುದಾನದ ಕೊರತೆಯನ್ನು ಕಾರಣವಾಗಿ ಹೇಳುವಂತಿಲ್ಲ.

ಇದಕ್ಕಿಂತ ಗಂಭೀರವಾದದ್ದು ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ್ದು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ 400 ಮಿಲಿಗ್ರಾಂ ಅಲ್ಬೆಂಡಜೋಲ್‌ ಮಾತ್ರೆಯನ್ನು ಶಾಲೆಯಲ್ಲಿ ಅಗಿಸಿ ನುಂಗಿಸುವವರು ಶಿಕ್ಷಕರೇ. ಬೆಲ್ಲ ತಿಂದರೆ ಹೊಟ್ಟೆಯಲ್ಲಿ ಹುಳು ಆಗುತ್ತದೆ ಎಂಬ ನಂಬಿಕೆಯೊಡನೆ ಮನೆಯಿಂದ ಬರುವ ಮಗುವಿಗೆ, ಹುಳು ಬರುವುದು ಸಿಹಿಯಿಂದಲ್ಲ, ಹುಳುವಿನ ಮೊಟ್ಟೆ ಅಥವಾ ಮರಿಯಿಂದ ಎಂದು ಹೇಳಬೇಕಾದವರೂ ಅವರೇ. ದುಂಡುಹುಳುವಿನ ಮೊಟ್ಟೆಗಳು ಕೊಳೆಯಾದ ಕೈ ಮತ್ತು ತೊಳೆಯದ ತರಕಾರಿಯ ಮೂಲಕ ಬಾಯಿ ಸೇರುತ್ತವೆ; ಅದಕ್ಕೆ ಕೈ ತೊಳೆಯುವುದು ಪರಿಹಾರ. ಆದರೆ ಕೊಕ್ಕೆಹುಳುವಿನ ದಾರಿ ಬೇರೆ. ಬಯಲು ಶೌಚದಿಂದ ತೇವದ ಮಣ್ಣಿಗೆ ಸೇರಿದ ಮೊಟ್ಟೆಗಳು ಒಡೆದು ಹೊರಬರುವ ಮರಿಗಳು ಬರಿಗಾಲಿನ ಚರ್ಮವನ್ನು ಕೊರೆದು ರಕ್ತ ಸೇರಿ, ಶ್ವಾಸಕೋಶದ ಮೂಲಕ ಗಂಟಲಿಗೆ ಏರಿ, ನುಂಗಿದಾಗ ಸಣ್ಣ ಕರುಳಿಗೆ ಇಳಿದು ಅಲ್ಲಿ ರಕ್ತ ಹೀರುತ್ತವೆ. ಮಗು ರಕ್ತಹೀನತೆಯಿಂದ ಸೊರಗಲು ಇದೂ ಒಂದು ಕಾರಣ. ಸರ್ಕಾರ ಕೊಡುವ ಶೂ, ಕಬ್ಬಿಣಾಂಶದ ಮಾತ್ರೆ ಮತ್ತು ಜಂತುಹುಳುವಿನ ಮಾತ್ರೆ ಈ ಒಂದೇ ಜೀವನಚಕ್ರಕ್ಕೆ ಸಂಬಂಧಿಸಿವೆ ಎಂಬುದನ್ನು ತಿಳಿದ ಶಿಕ್ಷಕ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಮನದಟ್ಟು ಮಾಡಬಲ್ಲ. ತಿಳಿಯದವನಿಗೆ ಅವು ಮೂರು ಬೇರೆ ಬೇರೆ ವಹಿಗಳಲ್ಲಿ ಸಹಿ ಮಾಡಿಸಬೇಕಾದ ವಿತರಣೆಗಳು. ಮಲೆನಾಡಿನ ಶಾಲೆಗಳಿಗೆ ನೇಮಕವಾಗುವವರು, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುವುದು ಉಣ್ಣೆ ಕಡಿತ ಎಂಬುದನ್ನಾದರೂ ತಿಳಿದಿರಬೇಕಲ್ಲವೇ?

ವಿಜ್ಞಾನ ಓದದೆ ಬಂದ ಪ್ರಶಿಕ್ಷಣಾರ್ಥಿಗಳಿಗೆ ಮೊದಲ ವರ್ಷದಲ್ಲೇ ಜೀವಶಾಸ್ತ್ರದ ಕಡ್ಡಾಯ ಪ್ರಾಯೋಗಿಕ ತರಗತಿಗಳನ್ನು ಪಠ್ಯಕ್ರಮಕ್ಕೆ ಸೇರಿಸಬೇಕೆಂದು ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿ.ಎಸ್‌.ಇ.ಆರ್‌.ಟಿ.ಯನ್ನು ಕೋರುತ್ತೇನೆ. ಸೂಕ್ಷ್ಮದರ್ಶಕವಿಲ್ಲದ ತರಬೇತಿ ಸಂಸ್ಥೆಗಳಿಗೆ ಹತ್ತಿರದ ಪಿಯು ಕಾಲೇಜಿನ ಪ್ರಯೋಗಾಲಯವನ್ನು ಶನಿವಾರ ಮಧ್ಯಾಹ್ನ ತೆರೆದುಕೊಟ್ಟರೂ ಈರುಳ್ಳಿ ಪೊರೆಯ ಜೀವಕೋಶಗಳನ್ನು ನಾವು ಚಾರ್ಟಿನಲ್ಲಿ ಬರೆಯುವ ಮೊದಲು ಕಣ್ಣಾರೆ ನೋಡಬಹುದು. ಆಂತರಿಕ ಅಂಕಗಳಲ್ಲಿ ಒಂದು ಪಾಲನ್ನು ಚಾರ್ಟಿನ ಅಂದಕ್ಕೆ ಬದಲಾಗಿ ಇಂಥ ಪ್ರಯೋಗಗಳಿಗೆ ನೀಡಿದರೆ ತರಗತಿಗಳು ಕಾಗದದ ಮೇಲಷ್ಟೇ ಉಳಿಯಲಾರವು.

– ಡಿ.ಎಲ್‌.ಇಡಿ. ಪ್ರಶಿಕ್ಷಣಾರ್ಥಿ, ಚಿತ್ರದುರ್ಗ ಜಿಲ್ಲೆ