ಎಂಟನೇ ತರಗತಿಯ ಚುಕ್ಕಿ ಪುಸ್ತಕದ ಬಗ್ಗೆ

ಪ್ರಿಯ ಪೋಷಕರೇ, ನಮಸ್ಕಾರ.

ಮಕ್ಕಳ ಕೈಯಲ್ಲೇ ಅವರ ತಪ್ಪು ಬರೆಸುವುದು ಯಾವ ಪಾಠ ಎಂದು ನಿಮ್ಮಲ್ಲಿ ಕೆಲವರು ಕಳೆದ ವಾರ ಕಚೇರಿಗೆ ಬಂದು ಕೇಳಿದಿರಿ. ಒಬ್ಬ ತಾಯಿ ಮಗಳ ಬ್ಯಾಗಿನಲ್ಲಿ, ತಪ್ಪಿದಾಗ ಮಕ್ಕಳು ತಾವೇ ಚುಕ್ಕಿ ಇಟ್ಟುಕೊಳ್ಳುವ ಆ ಪುಸ್ತಕ ತೆರೆದು, ಒಂದೇ ವಾರಕ್ಕೆ ಐದು ಚುಕ್ಕಿ ಕಂಡು ಗದರಿಸಿ, ಆಮೇಲೆ ಇಬ್ಬರೂ ಅತ್ತರಂತೆ. ಕೇಳಿ ನನಗೂ ಸಂಕಟವಾಯಿತು. ನಿಮಗೆ ಮೊದಲೇ ತಿಳಿಸಬೇಕಿತ್ತು. ತಿಳಿಸದಿದ್ದದ್ದು ನಮ್ಮ ತಪ್ಪು.

ಇದು ಶುರುವಾದದ್ದು ಅಮೆರಿಕದ ಬರಹಗಾರ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಪಾಠದಿಂದ. ತಮ್ಮ ಪಂಚಾಂಗದಲ್ಲಿ ಅವರು ಅಚ್ಚು ಹಾಕಿಸಿದ ಚುಟುಕು ಮಾತುಗಳು ಮಕ್ಕಳಿಗೆ ಬಲು ಇಷ್ಟ. ಮೂರು ದಿನ ಕಳೆದರೆ ಮೀನೂ ನಾರುತ್ತದೆ, ನೆಂಟರೂ ನಾರುತ್ತಾರೆ ಎಂಬ 1736ರ ಮಾತಿಗೆ ತರಗತಿಯೇ ನಕ್ಕಿತು. ಊರಿಗೆಲ್ಲ ಬುದ್ಧಿ ಹೇಳಿದವರು ತಮಗೆ ಏನು ಹೇಳಿಕೊಂಡರು ಎಂದು ಒಬ್ಬ ಹುಡುಗಿ ಕೇಳಿದಳು. ಉತ್ತರ ಅವರ ಆತ್ಮಕಥೆಯಲ್ಲೇ ಇದೆ. ಫಿಲಡೆಲ್ಫಿಯಾದಲ್ಲಿ ಮುದ್ರಕರಾಗಿದ್ದಾಗ ಒಂದು ಚಿಕ್ಕ ಪುಸ್ತಕದಲ್ಲಿ 13 ಗುಣಗಳ ಹೆಸರು ಬರೆದು, ವಾರದ 7 ದಿನಕ್ಕೆ ಗೆರೆ ಎಳೆದು, ತಪ್ಪಿದ ದಿನ ಕಪ್ಪು ಚುಕ್ಕಿ ಇಡುತ್ತಿದ್ದರು. ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ತಪ್ಪು ಕಂಡು ಬೆರಗಾದರಂತೆ. ಹಳೆಯ ಚುಕ್ಕಿ ಕೆರೆದು ಕೆರೆದು ಕಾಗದವೇ ತೂತಾಯಿತು. ಅಚ್ಚುಕಟ್ಟುತನ ಮಾತ್ರ ಅವರಿಗೆ ಕೊನೆಗೂ ಪೂರ್ತಿ ಒಲಿಯಲಿಲ್ಲ. ಮೊದಲು ಪಟ್ಟಿಯಲ್ಲಿದ್ದದ್ದು 12 ಗುಣ. ನಿಮಗೆ ಗರ್ವ ಎಂದು ಜನ ಆಡಿಕೊಳ್ಳುತ್ತಾರೆ ಎಂದು ಗೆಳೆಯರೊಬ್ಬರು ಮೆತ್ತಗೆ ಹೇಳಿದ ಮೇಲೆ ವಿನಯವೂ ಸೇರಿತು.

ಅವರ ಚುಕ್ಕಿಗಳನ್ನು ಎಣಿಸಿ ಶಿಕ್ಷಿಸಲು ಯಾರೂ ನಿಂತಿರಲಿಲ್ಲ. ಇಲ್ಲಿಯೂ ಹಾಗೆಯೇ. ಇದಕ್ಕೆ ಅಂಕವಿಲ್ಲ. ಶಿಕ್ಷಕರು ನೋಡುವುದಿಲ್ಲ, ಪ್ರಾರ್ಥನೆಯ ವೇಳೆ ಓದಿಸುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಶಿಕ್ಷಕರೂ ನೋಡುವುದಿಲ್ಲ. ನಾನೂ ಒಂದನ್ನೂ ತೆರೆದಿಲ್ಲ. ಬೇಡವೆನಿಸಿದ ಮಗು ಬಿಡಬಹುದು, ಏಕೆಂದು ಯಾರೂ ಕೇಳುವುದಿಲ್ಲ. ಐದು ಚುಕ್ಕಿ ಇಟ್ಟ ಮಗು ಐದು ಸಲ ತನಗೆ ತಾನು ನಿಜ ಹೇಳಿಕೊಂಡಿದೆ. ಅದು ಕೆಟ್ಟ ಮಗುವಲ್ಲ, ಧೈರ್ಯದ ಮಗು. ಹೋಂವರ್ಕ್ ತರದ ದಿನವೆಲ್ಲ ಹೊಟ್ಟೆನೋವು ಎನ್ನುತ್ತಿದ್ದ ಹುಡುಗನೊಬ್ಬ ಮೊನ್ನೆ ತಾನಾಗಿ ಎದ್ದುನಿಂತು, "ಮಾಡಿಲ್ಲ ಮಿಸ್" ಎಂದನಂತೆ. ಹಾಗಾಗಿ ಪುಸ್ತಕವನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ, ನಿಲ್ಲಿಸುವುದೂ ಇಲ್ಲ.

ಮಗು ತಾನಾಗಿ ತೋರಿಸದ ಹೊರತು ದಯವಿಟ್ಟು ಅದನ್ನು ತೆರೆಯಬೇಡಿ.

ಶನಿವಾರ ತರಗತಿ ಬಿಟ್ಟ ಮೇಲೆ ಕಚೇರಿಯಲ್ಲೇ ಇರುತ್ತೇನೆ, ಮಾತಾಡಬೇಕೆನಿಸಿದವರು ಬನ್ನಿ. ಆ ತಾಯಿಯವರು ಮಗಳನ್ನೂ ಕರೆದುಕೊಂಡು ಬಂದರೆ ಸಂತೋಷ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ