ಲೆಫ್ಟ್ ಬ್ಯಾಕ್‌ಗೆ ಒಂದು ಪತ್ರ

ಪ್ರೀತಿಯ ಲೆಫ್ಟ್ ಬ್ಯಾಕ್,

"ಸರ್ಬಿಯಾದ ಹತ್ತು ಮಂದಿ ಮಹಾನ್ ಫುಟ್‌ಬಾಲ್ ಆಟಗಾರರು, ನಂಬರ್ ಹಾಕಿ, ಭಾನುವಾರದೊಳಗೆ" ಅಂತ ನೀನು ಅಪ್ಪಣೆ ಕೊಟ್ಟು ಮೂರು ಭಾನುವಾರ ಕಳೆದವು. ಸರ್ಬಿಯಾ ಅಂದರೆ ಟೆನಿಸ್ ಆಡೋ ಜೊಕೊವಿಚ್ ಒಬ್ಬನೇ ಅಂತ ನಿನ್ನ ಮಗನಿಗೆ ಯಾರೋ ಹೇಳಿದರಂತೆ, ಅಪ್ಪನ ಮರ್ಯಾದೆ ಈಗ ನನ್ನ ಕೈಯಲ್ಲಿದೆಯಂತೆ. ವಾಟ್ಸ್ಯಾಪ್‌ನಲ್ಲಿ ಹತ್ತು ಹೆಸರು ಕಳಿಸಿದ್ದರೆ ಎರಡು ನಿಮಿಷದ ಕೆಲಸ. ಹಾಗೆ ಕಳಿಸಿದರೆ ನೀನೊಂದು ಹೆಬ್ಬೆರಳ ಚಿತ್ರ ಒತ್ತಿ ತೋಟಕ್ಕೆ ಹೋಗಿಬಿಡುತ್ತೀಯ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ನಾಲ್ಕು ಜನ ನೋಡುತ್ತಿದ್ದರೆ ನಾನು ಚೆನ್ನಾಗಿ ಆಡುತ್ತೇನೆ ಅನ್ನೋದು ನಿನಗೆ ಗೊತ್ತಿದ್ದದ್ದೇ. (ಓದುತ್ತಿರುವ ಉಳಿದವರಲ್ಲಿ ವಿನಂತಿ: ತೀರ್ಥಹಳ್ಳಿ ಪಂದ್ಯದ ಬಗ್ಗೆ ಯಾರೂ ಕೇಳಬೇಡಿ.)

ಈ ಸರ್ಬಿಯಾ ಹುಚ್ಚು ಹತ್ತಿಸಿದವನು ನೀನೇ. 2006ರ ಜೂನ್ 16, ಶಿವಮೊಗ್ಗದ ಮೆಸ್ಸು, ಸಂಜೆ ಆರೂವರೆ, ಹೊರಗೆ ಹಿಡಿದು ಬಿಡದ ಮಳೆ. ಅರ್ಜೆಂಟೀನಾ ಎದುರು ಸರ್ಬಿಯಾ–ಮಾಂಟೆನೆಗ್ರೊ. ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟದ್ದು ಒಂದೇ ಒಂದು ಗೋಲು ಅಂತ ನೀನು ಬೆಂಚಿನ ಮೇಲೆ ನಿಂತು ಭಾಷಣ ಮಾಡಿದೆ. "ಅದು ಡಿಫೆನ್ಸ್ ಅಲ್ಲ ಮಾರಾಯಾ, ಲಿಂಗನಮಕ್ಕಿ ಡ್ಯಾಮು" ಅಂದೆ. ಆ ಡ್ಯಾಮಿನ ದೊಡ್ಡ ಕಲ್ಲು ನೆಮಾನ್ಯಾ ವಿದಿಚ್ ಆವತ್ತು ಆಡುತ್ತಲೇ ಇಲ್ಲ ಅನ್ನೋದನ್ನು ನೀನು ಹೇಳಲಿಲ್ಲ. ಕಾಂಬಿಯಾಸೊ ಹೊಡೆದ ಎರಡನೇ ಗೋಲಿಗೆ ಮುಂಚೆ ಅರ್ಜೆಂಟೀನಾದವರು ಸಾಲಾಗಿ ಇಪ್ಪತ್ತನಾಲ್ಕು ಪಾಸ್ ಕೊಟ್ಟುಕೊಂಡರು. ನೀನು ಜೋರಾಗಿ ಎಣಿಸುತ್ತಿದ್ದವನು ಹದಿನೇಳಕ್ಕೆ ನಿಲ್ಲಿಸಿದೆ. ಮೆಸ್ಸಿನ ಭಟ್ಟರು ಸಾರಿನ ಸೌಟು ಹಿಡಿದುಕೊಂಡೇ ಬಂದು, "ನಿಮ್ಮ ಟೀಮು ಯಾವುದು, ನೋಡ್ತಾ ನಿಂತಿರೋದಾ?" ಅಂದರು. ಕೊನೆಗೆ ಮೆಸ್ಸಿ ಅನ್ನೋ ಹುಡುಗನೂ ಬಂದು ಒಂದು ಹೊಡೆದ. ಆರು–ಸೊನ್ನೆ.

ಆಮೇಲೆ ತಿಳಿಯಿತು, ಆ ಹನ್ನೊಂದು ಜನ ಆಡುತ್ತಿದ್ದ ದೇಶವೇ ಆಗ ಇರಲಿಲ್ಲ. ಜೂನ್ 3ಕ್ಕೆ ಮಾಂಟೆನೆಗ್ರೊ ಬೇರೆಯಾಗಿತ್ತು, ವಿಶ್ವಕಪ್ ಶುರುವಾದದ್ದು 9ಕ್ಕೆ. ಮನೆ ಪಾಲಾದ ಮೇಲೂ ಒಂದು ಮದುವೆಗೆ ಅಣ್ಣತಮ್ಮಂದಿರು ಒಂದೇ ಕಾರಿನಲ್ಲಿ ಹೋಗುತ್ತಾರಲ್ಲ, ಹಾಗೆ ಹೋಗಿದ್ದರು.

ಪಟ್ಟಿ ತಡವಾಗಲು ಇದೇ ಮೊದಲ ಕಾರಣ. ಯಾರು ಸರ್ಬಿಯಾದವರು, ಯಾರು ಅಲ್ಲ ಅನ್ನೋದೇ ಬಗೆಹರಿಯುತ್ತಿಲ್ಲ. 1991ರಲ್ಲಿ ಯುರೋಪಿಯನ್ ಕಪ್ ಗೆದ್ದ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡವನ್ನೇ ನೋಡು. ಪಾಂಚೆವ್ ಮ್ಯಾಸಿಡೋನಿಯಾದವ, ಸಾವಿಚೆವಿಚ್ ಮಾಂಟೆನೆಗ್ರೊದವ, ಪ್ರೊಸಿನೆಚ್ಕಿ ಕ್ರೊಯೇಷಿಯಾದವ. ಆಗ ಇವೆಲ್ಲ ಯುಗೊಸ್ಲಾವಿಯಾ ಅನ್ನೋ ಒಂದೇ ದೇಶದೊಳಗಿದ್ದವು. ಸಾವಿಚೆವಿಚ್‌ನನ್ನು ಕಣ್ಣೀರಿಟ್ಟು ಬಿಟ್ಟೆ, ಇಲ್ಲವಾದರೆ ಅವನ ಊರು ಪೊದ್ಗೊರಿತ್ಸಾದವರು ನಿನ್ನ ಗೇಟಿಗೆ ಬರುತ್ತಾರೆ. ದೆಯಾನ್ ಸ್ಟಾಂಕೊವಿಚ್‌ನ ಕಥೆಯಂತೂ ಇನ್ನೂ ಚೆಂದ. 1998ರಲ್ಲಿ ಯುಗೊಸ್ಲಾವಿಯಾ, 2006ರಲ್ಲಿ ಸರ್ಬಿಯಾ–ಮಾಂಟೆನೆಗ್ರೊ, 2010ರಲ್ಲಿ ಸರ್ಬಿಯಾ. ಮೂರು ವಿಶ್ವಕಪ್, ಮೂರು ದೇಶ. ಅವನು ಎಲ್ಲೂ ವಲಸೆ ಹೋದದ್ದಲ್ಲ, ದೇಶವೇ ಅವನ ಕಾಲಡಿಯಿಂದ ಸರಿಯುತ್ತಿತ್ತು. 2011ರಲ್ಲಿ ಇಂಟರ್ ಮಿಲಾನ್ ಪರ ಜರ್ಮನಿಯ ಶಾಲ್ಕೆ ತಂಡದ ಮೇಲೆ, ಪಂದ್ಯ ಶುರುವಾಗಿ ಅರ್ಧ ನಿಮಿಷವೂ ಆಗಿರಲಿಲ್ಲ, ಗೋಲ್‌ಕೀಪರ್ ನೊಯರ್ ಮುಂದೆ ಬಂದು ತಲೆಯಿಂದ ಹೊರಹಾಕಿದ ಚೆಂಡನ್ನು ನಡುಗೆರೆಯ ಹತ್ತಿರದಿಂದಲೇ, ನೆಲ ಮುಟ್ಟಲೂ ಬಿಡದೆ, ಖಾಲಿ ಗೋಲಿಗೆ ಕಳಿಸಿದ. ಅಂಥ ಗೋಲು ಹೊಡೆದ ದಿನ ಇಂಟರ್ 5–2ರಲ್ಲಿ ಸೋತಿತು. ಇದಕ್ಕಿಂತ ಸರ್ಬಿಯನ್ ಆದ ಸಂಗತಿ ನನಗೆ ಗೊತ್ತಿಲ್ಲ.

ಅಂದಹಾಗೆ ಆ "ಇಚ್" ಅಂದರೆ ಇಂಥವನ ಮಗ, ಇಂಥವನ ಮರಿ ಅಂತ ಅರ್ಥ. ನಮ್ಮಲ್ಲಿ ತೊಟ್ಟಿಲಲ್ಲಿರುವಾಗಲೇ ಬಸಪ್ಪ, ಮಲ್ಲಪ್ಪ ಅಂತ ಅಪ್ಪನಾಗಿಬಿಡುತ್ತೇವೆ. ಅವರು ಮುದುಕರಾದರೂ ಮಗನೇ.

ಒಂದನೇ ಸ್ಥಾನಕ್ಕೆ ತಕರಾರಿಲ್ಲ, ದ್ರಾಗಾನ್ ಜಾಯಿಚ್. ಉಬ್ ಅನ್ನೋ ಎರಡಕ್ಷರದ ಊರಿನವ, ಎಡಗಡೆಯ ವಿಂಗರ್. ಎಡಗಾಲು ಅಂದರೆ ನಿನಗೆ ಗೌರವ ಇದೆ ಅಂತ ನಂಬಿದ್ದೇನೆ, ನಿನ್ನದು ಎಲ್ಲಿಗೆ ಹೋಗುತ್ತಿತ್ತು ಅನ್ನೋದು ಬೇರೆ ಮಾತು. 1968ರ ಯುರೋಪಿಯನ್ ಚಾಂಪಿಯನ್‌ಶಿಪ್ ಸೆಮಿಫೈನಲ್, ಫ್ಲಾರೆನ್ಸ್. ಎದುರಿಗೆ ವಿಶ್ವ ಚಾಂಪಿಯನ್ ಇಂಗ್ಲೆಂಡ್. ಪಂದ್ಯ ಮುಗಿಯಲು ನಾಲ್ಕು ನಿಮಿಷವಿದ್ದಾಗ ಬಲಗಡೆಯಿಂದ ಬಂದ ಚೆಂಡು ಬಾಬಿ ಮೂರ್‌ನನ್ನು ದಾಟಿ ಇವನ ಬಳಿ ಬಂತು, ಗೋಲ್‌ಕೀಪರ್ ಬ್ಯಾಂಕ್ಸ್‌ನ ಮೇಲಿಂದ ಬಲೆಗೆ ಹೋಯಿತು. 1–0. ಮೂರು ದಿನದ ಮೇಲೆ ರೋಮ್‌ನಲ್ಲಿ ಇಟಲಿ ಎದುರು ಫೈನಲ್‌ನಲ್ಲೂ ಗೋಲು ಹೊಡೆದ. ಅದು 1–1 ಆಗಿ, ಮತ್ತೆ ಎರಡು ದಿನ ಬಿಟ್ಟು ಮರುಪಂದ್ಯ ಆಡಿಸಿದರು, ಅದರಲ್ಲಿ ಸೋತರು. ಆ ವರ್ಷ ಯುರೋಪಿನ ವರ್ಷದ ಆಟಗಾರನಿಗೆ ಕೊಡುವ ಬಾಲನ್ ಡಿಓರ್ ಪ್ರಶಸ್ತಿಯ ಪಟ್ಟಿಯಲ್ಲಿ ಜಾರ್ಜ್ ಬೆಸ್ಟ್, ಬಾಬಿ ಚಾರ್ಲ್ಟನ್, ಅವರ ಹಿಂದೆಯೇ ಜಾಯಿಚ್. ದೇಶಕ್ಕೆ 85 ಪಂದ್ಯ. ಮುಂದೆ 1991ರ ರೆಡ್ ಸ್ಟಾರ್ ತಂಡವನ್ನು ಕಟ್ಟಿದವರಲ್ಲೂ ಇವನೇ ಮುಖ್ಯ.

ಅವನಿಗಿಂತ ಹಿಂದಿನವನು ರಾಯ್ಕೊ ಮಿತಿಚ್. ರೆಡ್ ಸ್ಟಾರ್‌ನ ಸ್ಟೇಡಿಯಂಗೆ ಈಗ ಅವನದೇ ಹೆಸರು. 1950ರ ವಿಶ್ವಕಪ್‌ನಲ್ಲಿ, ರಿಯೊದ ಮರಕಾನಾದಲ್ಲಿ ಮೈದಾನಕ್ಕೆ ಬರುವಾಗ ಕಬ್ಬಿಣದ ತೊಲೆಗೆ ತಲೆ ಬಡಿದು, ಬ್ಯಾಂಡೇಜ್ ಸುತ್ತಿಕೊಂಡು ತಡವಾಗಿ ಇಳಿದು ಬ್ರೆಜಿಲ್ ಎದುರು ಆಡಿದವನು. ಇವನಿಗೂ ನಮಗೂ ಒಂದು ಸಂಬಂಧವಿದೆ, ಆದರೆ ಹೇಳಿಕೊಳ್ಳುವಂಥದ್ದಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಭಾರತವನ್ನು 10–1ರಿಂದ ಚಚ್ಚಿತು, ಅದರಲ್ಲಿ ಎರಡು ಮಿತಿಚ್‌ನವು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಆ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ನಿನ್ನ ಮಗನಿಗೆ ಮೊದಲು ಇದನ್ನು ಹೇಳು.

ಷೆಕುಲಾರಾಟ್ಸ್ ವಿಷಯ ಹೇಳಬೇಡ. ಅದ್ಭುತ ಡ್ರಿಬ್ಲರ್, ಆದರೆ ರೆಫ್ರಿಗೆ ಹೊಡೆದು ನಿಷೇಧಕ್ಕೆ ಒಳಗಾದವ. ಹುಡುಗ ನಿನ್ನ ಮೇಲೆಯೇ ಪ್ರಯೋಗ ಮಾಡಿಯಾನು.

ಸಿನಿಶಾ ಮಿಹಾಯ್ಲೊವಿಚ್ ಹುಟ್ಟಿದ್ದು ವುಕೊವಾರ್‌ನಲ್ಲಿ, ಅಪ್ಪ ಸರ್ಬ್, ಅಮ್ಮ ಕ್ರೊಯೇಟ್. ಯುಗೊಸ್ಲಾವಿಯಾ ಒಡೆದಾಗಿನ ಯುದ್ಧದಲ್ಲಿ ಆ ಊರು ನೆಲಸಮವಾದದ್ದು ನಿನಗೆ ಗೊತ್ತು. ಬಾಯಿ ಒಳ್ಳೆಯದಿರಲಿಲ್ಲ, ಮೈದಾನದಲ್ಲಿ ಆಡಬಾರದ್ದು ಆಡಿ ಶಿಕ್ಷೆ ತಿಂದಿದ್ದಾನೆ. ಆದರೆ ಆ ಎಡಗಾಲಿನಿಂದ ಇಟಲಿಯ ಲೀಗ್‌ನಲ್ಲಿ ಬರೀ ಫ್ರೀ ಕಿಕ್‌ನಿಂದಲೇ 28 ಗೋಲು. 1998ರ ಡಿಸೆಂಬರ್‌ನಲ್ಲಿ ಲಾಜಿಯೊ ಪರ ಒಂದೇ ಪಂದ್ಯದಲ್ಲಿ ಮೂರು ಫ್ರೀ ಕಿಕ್ ಗೋಲು ಹೊಡೆದ. ಎದುರಿಗಿದ್ದದ್ದು ಸಂಪ್ಡೋರಿಯಾ, ಅದೇ ಬೇಸಿಗೆಯಲ್ಲಿ ಅವನು ಬಿಟ್ಟುಬಂದ ತಂಡ! ಹಳೆಯ ಮನೆ ಅಂತ ಒಂದು ಚೂರೂ ಮುಲಾಜು ಇಟ್ಟುಕೊಳ್ಳಲಿಲ್ಲ. 2022ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡ, ವಯಸ್ಸು 53.

ಇವನ ಪಕ್ಕದಲ್ಲಿ ಪಿಕ್ಸಿಯನ್ನು ಬರೆಯಲು ಕೂತಾಗ ನನ್ನ ಪೆನ್ನು ನಿಂತುಬಿಟ್ಟಿತು. ಪಟ್ಟಿ ತಡವಾಗಲು ನಿಜವಾದ ಕಾರಣ ಅದು.

ಪಿಕ್ಸಿ, ಅಂದರೆ ದ್ರಾಗಾನ್ ಸ್ಟೊಯ್ಕೊವಿಚ್. ನೀಶ್ ಊರಿನವ, ಕಾರ್ಟೂನಿನ ಇಲಿಯಿಂದ ಬಂದ ಅಡ್ಡಹೆಸರು. 1990ರ ವಿಶ್ವಕಪ್‌ನಲ್ಲಿ ಸ್ಪೇನ್ ಮೇಲೆ ಅವನು ಹೊಡೆದ ಮೊದಲ ಗೋಲನ್ನು ನಾವಿಬ್ಬರೂ ಎಷ್ಟು ಸಲ ನೋಡಿದ್ದೇವೆ! ಚೆಂಡು ಮೇಲಿಂದ ಇಳಿಯುತ್ತಿದೆ. ಅವನು ಒದೆಯುವವನ ಹಾಗೆ ಕಾಲೆತ್ತುತ್ತಾನೆ. ಅಡ್ಡ ಬರಲು ಹಾರಿದ ಸ್ಪೇನ್ ಆಟಗಾರ ಹುಲ್ಲಿನ ಮೇಲೆ ಜಾರಿ ಎಲ್ಲಿಗೋ ಹೋಗುತ್ತಾನೆ. ಇವನು ಒದೆದೇ ಇಲ್ಲ. ಚೆಂಡನ್ನು ಮೆಲ್ಲಗೆ ಕಾಲಿನಲ್ಲಿ ತಡೆದು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಂತು, ಆಮೇಲೆ ಗೋಲಿಗೆ ಹಾಕುತ್ತಾನೆ. "ಒದೆಯದೆ ಇರೋದೇ ಅವನ ವಿದ್ಯೆ" ಅಂತ ನೀನು ಹೇಳಿದ್ದೆ.

ನಾಲ್ಕು ದಿನದ ಮೇಲೆ ಅರ್ಜೆಂಟೀನಾ ಎದುರು ಕ್ವಾರ್ಟರ್‌ಫೈನಲ್, ಮತ್ತೆ ಅದೇ ಫ್ಲಾರೆನ್ಸ್. ಹತ್ತೇ ಜನರಿಂದ ಪೆನಾಲ್ಟಿವರೆಗೆ ಎಳೆದುಕೊಂಡು ಹೋದರು. ಪಿಕ್ಸಿ ಹೊಡೆದದ್ದು ಮೇಲಿನ ಕಂಬಕ್ಕೆ ಬಡಿಯಿತು. ಮರಡೋನಾ ಕೂಡ ತಪ್ಪಿಸಿದ, ಆದರೂ ಸೋತದ್ದು ಇವರೇ. ಆ ಬೇಸಿಗೆಯಲ್ಲಿ ಪಿಕ್ಸಿ ರೆಡ್ ಸ್ಟಾರ್ ಬಿಟ್ಟು ಫ್ರಾನ್ಸಿನ ಮಾರ್ಸೆ ತಂಡಕ್ಕೆ ಹೋದ. ಮುಂದಿನ ವರ್ಷ ಮೇ 29, ಇಟಲಿಯ ಬಾರಿ ಊರಿನಲ್ಲಿ ಯುರೋಪಿಯನ್ ಕಪ್ ಫೈನಲ್. ಒಂದು ಕಡೆ ಮಾರ್ಸೆ, ಇನ್ನೊಂದು ಕಡೆ ರೆಡ್ ಸ್ಟಾರ್. ನೂರಿಪ್ಪತ್ತು ನಿಮಿಷ ಆಕಳಿಕೆ ಬರುವಂಥ ಆಟ, 0–0. ಮಂಡಿನೋವಿನಲ್ಲಿದ್ದ ಪಿಕ್ಸಿಯನ್ನು ಕೋಚ್ ಹೂತಾಲ್ಸ್ 112ನೇ ನಿಮಿಷಕ್ಕೆ ಇಳಿಸಿದ, ಯಾಕೆ ಅಂತ ಬೇರೆ ಹೇಳಬೇಕಿಲ್ಲ. ಅವನು ಮಾತ್ರ, ನನ್ನ ಹಳೆಯ ತಂಡದ ಮೇಲೆ ಪೆನಾಲ್ಟಿ ಹೊಡೆಯುವುದಿಲ್ಲ ಅಂದ. ಮಾರ್ಸೆಯ ಮೊದಲ ಪೆನಾಲ್ಟಿ, ಅಮೊರೊಸ್‌ದು, ಉಳಿಯಲಿಲ್ಲ. ರೆಡ್ ಸ್ಟಾರ್ ಐದಕ್ಕೆ ಐದೂ ಹೊಡೆಯಿತು, ನಾಲ್ಕನೆಯದು ಮಿಹಾಯ್ಲೊವಿಚ್‌ದು.

ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೆ! ನಿಷ್ಠೆ ಅಂದರೆ ಇದು ಕಣ್ರೀ ಅಂತ. ಮೊನ್ನೆ ರಾತ್ರಿ ಆ ಪೆನಾಲ್ಟಿಗಳ ವಿಡಿಯೊ ಹಾಕಿಕೊಂಡು ಕೂತಾಗ ಮೊದಲ ಸಲ ಒಂದು ಅನುಮಾನ ಹೊಕ್ಕಿತು. ಕಂಬಕ್ಕೆ ಬಡಿದದ್ದು ಹನ್ನೊಂದು ತಿಂಗಳ ಹಿಂದೆಯಷ್ಟೇ. ಆ ಶಬ್ದ ಕಿವಿಯಲ್ಲಿ ಇದ್ದಿರಲಾರದೇ? ಅವನು ಬೇಡ ಅಂದದ್ದು ಪ್ರೀತಿಗೋ, ಭಯಕ್ಕೋ? ಎರಡೂ ಇದ್ದಿರಬಹುದು, ಅವನಿಗೇ ಬಿಡಿಸಿ ಹೇಳಲು ಆಗದಿರಬಹುದು. ಅವನ ವಿಷಯ ನನಗೇಕೆ? ಅವನು ಕೋಚ್‌ನ ಮುಖ ನೋಡಿ, ನನ್ನನ್ನು ಬಿಟ್ಟುಬಿಡಿ ಅಂದ. ಅಷ್ಟು ನೇರವಾಗಿ ನಾನು ಮಾಡಲಿಲ್ಲ.

2011ರ ಅಡಿಕೆ ಕೊಯ್ಲಿಗೆ ನೀನು ಊರಿಗೆ ಹೋಗಿದ್ದೆ, ನೆನಪಿದೆಯಾ. ಗೋಡೌನಿನ ಸ್ಟಾಕ್ ಎಂಟ್ರಿ ನಿನ್ನ ಕೆಲಸ, ಪಾಸ್‌ವರ್ಡ್ ನನ್ನ ಹತ್ತಿರ ಬಿಟ್ಟು ಹೋಗಿದ್ದೆ. ಒಂದೇ ಲೋಡನ್ನು ಎರಡು ಸಲ ಏರಿಸಿದ್ದು ನಾನು. ಮಾರ್ಚ್ ಲೆಕ್ಕದಲ್ಲಿ ಸಿಕ್ಕಿಬಿತ್ತು. ಮ್ಯಾನೇಜರು ನನ್ನನ್ನು ಕ್ಯಾಬಿನ್‌ಗೆ ಕರೆದರು. ಮೇಜಿನ ಮೇಲಿನ ಚಹಾ ಕೆನೆ ಕಟ್ಟಿತ್ತು. ಅವರು ಬೈಯಲಿಲ್ಲ, ಗಾಜಿನ ಪೇಪರ್‌ವೇಟ್ ತಿರುಗಿಸುತ್ತಾ, "ಇದು ನಿಮ್ಮ ಫ್ರೆಂಡ್ ಮಾಡಿದ ಎಂಟ್ರಿ ಅಲ್ವಾ?" ಅಂದರು. ನಾನು, "ಅವನ ವಿರುದ್ಧ ನಾನೇನೂ ಹೇಳೋದಿಲ್ಲ ಸಾರ್" ಅಂದೆ.

ಒಂದಕ್ಷರ ಸುಳ್ಳಿಲ್ಲ ನೋಡು ಅದರಲ್ಲಿ. ಆದರೆ ಆ ಮಾತು ಬಾಯಿಂದ ಬಿದ್ದ ಕೂಡಲೇ ತಪ್ಪು ನಿನ್ನದಾಯಿತು, ನಿಯತ್ತು ನನ್ನದಾಯಿತು. ಹೊರಗೆ ಯಾರೋ ಕೇಳಿಸಿಕೊಂಡು "ನಿಮ್ಮನ್ನ ಬಿಟ್ಟುಕೊಡಲಿಲ್ಲ ಅವರು" ಅಂತ ನಿನಗೆ ಹೇಳಿದರು. ಆವತ್ತು ಸಂಜೆ ನೀನು ಕಣ್ಣು ಒದ್ದೆ ಮಾಡಿಕೊಂಡು ನನಗೆ ಮಸಾಲೆ ದೋಸೆ ಕೊಡಿಸಿದೆ. ನಾನು ತಿಂದೆ. ಇನ್ನೊಂದು ಹೇಳಲಾ ಅಂತ ನೀನಂದೆ, ನಾನು ಅದನ್ನೂ ತಿಂದೆ. ಏಪ್ರಿಲ್‌ನಲ್ಲಿ ಎಲ್ಲರ ಸಂಬಳ ಏರಿತು, ನಿನ್ನದಿಲ್ಲ. ದೀಪಾವಳಿಗೆ ಊರಿಗೆ ಹೋದವನು, ತೋಟ ನೋಡ್ಕೋಬೇಕು ಅಂತ ಅಲ್ಲೇ ಉಳಿದೆ. ಅಂದಿನಿಂದ ಎಲ್ಲಿ ಹೋದರೂ ಬಿಲ್ಲಿಗೆ ನಾನೇ ಕೈ ಚಾಚುತ್ತೇನೆ, ನೀನು "ಬೆಂಗಳೂರಿನ ದುಡ್ಡಿನ ಕೊಬ್ಬು" ಅಂತ ನಗುತ್ತೀಯ.

ಇದನ್ನು ಅಳಿಸಲು ಮೂರು ಸಲ ಕೈ ಹೋಯಿತು. ಎಲ್ಲರೆದುರು ಹೇಳಿದರೆ ನೀನು ಎಲ್ಲರೆದುರು ಬೈಯಲಾರೆ ಅನ್ನೋ ಲೆಕ್ಕಾಚಾರವೂ ಇದರೊಳಗಿದೆ, ಅದನ್ನೂ ಬರೆದುಕೋ. ಲೆಕ್ಕದಲ್ಲಿ ನಾನು ಎಷ್ಟು ಗಟ್ಟಿ ಅಂತ ಆ ಗೋಡೌನು ಹೇಳುತ್ತದೆ.

ಸರಿ, ಮಗನಿಗೆ ಬೇಕಾದ ಕಥೆ ಇನ್ನೊಂದಿದೆ. 2009ರಲ್ಲಿ ಪಿಕ್ಸಿ ಜಪಾನಿನ ನಗೋಯಾ ತಂಡದ ಕೋಚ್. ಯಾರೋ ಗಾಯಗೊಂಡರು ಅಂತ ಎದುರಾಳಿ ಗೋಲ್‌ಕೀಪರ್ ಚೆಂಡನ್ನು ಹೊರಗೆ ಒದ್ದ. ಅದು ಮೇಲಿಂದ ನೇರ ಇವನ ಹತ್ತಿರ ಇಳಿಯಿತು. ಸೂಟು ಬೂಟು ಹಾಕಿ ಗೆರೆಯಾಚೆ ನಿಂತಿದ್ದವನು ಆ ಬೂಟುಕಾಲಿನಲ್ಲೇ ಬೀಸಿ ಒದ್ದ. ಅರ್ಧ ಮೈದಾನ ದಾಟಿ ಚೆಂಡು ಸೀದಾ ಗೋಲಿನೊಳಗೆ! ರೆಫ್ರಿ ಬಂದು ಅವನನ್ನು ಹೊರಗೆ ಕಳಿಸಿದ. ಒದೆಯಪ್ಪಾ ಅಂತ ಮಾರ್ಸೆ ಪೂರ್ತಿ ಕಾದಾಗ ಒದೆಯದವನು, ಯಾರೂ ಕೇಳದಿದ್ದಾಗ ಒದ್ದು ಶಿಕ್ಷೆ ತಿಂದ.

ಪಟ್ಟಿ ಬರೆದುಕೋ: ಜಾಯಿಚ್, ಪಿಕ್ಸಿ, ಮಿಹಾಯ್ಲೊವಿಚ್, ಸ್ಟಾಂಕೊವಿಚ್, ಮಿತಿಚ್, ಕೊನೆಗೆ ನಿನ್ನ ಸಮಾಧಾನಕ್ಕೆ ಆವತ್ತು ಆಡದಿದ್ದ ವಿದಿಚ್. ಹತ್ತು ಕೇಳಿದ್ದೆ, ನನ್ನ ಕಡೆಯಿಂದ ಆರಾಯಿತು. ಉಳಿದ ನಾಲ್ಕು ನೀನು ಹೇಳು ನೋಡೋಣ. ನಿನ್ನ ಕಡೆಯಿಂದ ಇನ್ನೂ ಒಂದೂ ಇಲ್ಲ.

ಆರು–ಸೊನ್ನೆ, ಮಾರಾಯಾ.

ಇಂತಿ,
ನಿನ್ನ ಹನ್ನೆರಡನೇ ಆಟಗಾರ

ತಾ.ಕ.: ಮುಂದಿನ ಸಲ ಬಂದಾಗ ಬಿಲ್ಲು ನೀನು ಕೊಡುತ್ತೀಯೋ ನಾನೋ, ಅದನ್ನು ಮಾತ್ರ ಇನ್‌ಬಾಕ್ಸಿಗೆ ಕಳಿಸು.