ಹತ್ತೂ ಮುಗಿಸಿ ಬಂದೆ, ಎಲ್ಲರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೂಟದಲ್ಲಿ ಡೆಕಥ್ಲಾನ್ ಮುಗಿಸಿ ಸಕಲೇಶಪುರಕ್ಕೆ ವಾಪಸ್ ಬಂದಿದ್ದೇನೆ. ಪದಕ ಬಂದಿಲ್ಲ. ಬರುತ್ತದೆ ಅಂತ ನಾನೂ ಹೋಗಿರಲಿಲ್ಲ. ಮೊಣಕಾಲಿನ ಲಿಗಮೆಂಟ್ ಆಪರೇಷನ್ ಆದ ಮೇಲೆ ಇದೇ ಮೊದಲ ಸಲ ಹತ್ತೂ ಸ್ಪರ್ಧೆ ಮುಗಿಸಿದ್ದು, ಅಷ್ಟೇ. ಆದರೂ ಬಸ್ ಇಳಿದಾಗಿನಿಂದ ಫೋನ್ ಬರುತ್ತಲೇ ಇದೆ. ಒಬ್ಬೊಬ್ಬರಿಗೇ ಹೇಳುತ್ತಾ ಹೋದರೆ ಯಾರಾದರೂ ಬಿಟ್ಟುಹೋಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

'ಅದೇನಪ್ಪಾ ನಿನ್ನ ಆಟ' ಅಂತ ಇನ್ನೂ ಕೇಳುವವರಿಗೆ: ಎರಡು ದಿನ, ಹತ್ತು ಸ್ಪರ್ಧೆ. ಮೊದಲ ದಿನ 100 ಮೀಟರ್, ಲಾಂಗ್ ಜಂಪ್, ಶಾಟ್‌ಪುಟ್, ಹೈಜಂಪ್, 400 ಮೀಟರ್. ಮಾರನೇ ದಿನ 110 ಮೀಟರ್ ಹರ್ಡಲ್ಸ್, ಡಿಸ್ಕಸ್, ಪೋಲ್‌ವಾಲ್ಟ್ (ಉದ್ದದ ಕೋಲು ಊರಿ ಎತ್ತರದ ಅಡ್ಡಪಟ್ಟಿ ದಾಟೋದು), ಜಾವೆಲಿನ್, ಮೈಯಲ್ಲಿ ಏನೂ ಉಳಿಯದ ಹೊತ್ತಿಗೆ 1500 ಮೀಟರ್. ಎಲ್ಲಕ್ಕೂ ಪಾಯಿಂಟ್. ಕೂಡಿಸಿದಾಗ ಯಾರದು ಜಾಸ್ತಿಯೋ ಅವರು ಗೆದ್ದಂತೆ.

ಮೊದಲು ನಮ್ಮ ಪಿಟಿ ಮೇಷ್ಟ್ರು. ಓಡೋದು, ಎಸೆಯೋದು ಎಲ್ಲ ಶಾಲೆಯಲ್ಲೂ ಇದೆ. ಪೋಲ್‌ವಾಲ್ಟ್ ಎಲ್ಲಿದೆ? ಮೇಷ್ಟ್ರು ಶಾಲೆ ಮೈದಾನದ ಮೂಲೆಯಲ್ಲಿ ಗುಂಡಿ ತೋಡಿ, ಕೋಲಿನ ತುದಿ ಊರೋಕೆ ಹಲಗೆಯ ಪೆಟ್ಟಿಗೆ ಕೂರಿಸಿದರು. ಬೀಳೋಕೆ ಗೋಣಿಚೀಲಗಳಿಗೆ ಭತ್ತದ ಹುಲ್ಲು ತುಂಬಿಸಿದರು. ಕೋಲು ಬಿದಿರಿನದು. ಒಂದು ಮಳೆ ಬಂದರೆ ಸಾಕು, ಹುಲ್ಲೆಲ್ಲ ನೆನೆದು ಮುಗ್ಗಲು ವಾಸನೆ. ಅದನ್ನು ಬಿಸಿಲಿಗೆ ಹರಡಿ, ಮತ್ತೆ ತುಂಬಿ ಹೊಲಿಯುವ ಕೆಲಸವೂ ಅವರದೇ. ದಬ್ಬಳ ಹಿಡಿದು ಚೀಲ ಹೊಲಿಯುತ್ತಾ ಕೂತ ಮೇಷ್ಟ್ರನ್ನು ನೋಡಿ ನಕ್ಕವರು ನಮ್ಮೂರಲ್ಲೇ ಇದ್ದಾರೆ. ಅವರಿಗೂ ಥ್ಯಾಂಕ್ಸ್, ಓದುತ್ತಿದ್ದರೆ.

ತಮಾಷೆ ಅಂದರೆ, ಆ ಹುಲ್ಲಿನ ಮೇಲೆ ಬಿದ್ದು ನನಗೆ ಏನೂ ಆಗಲಿಲ್ಲ. ಕಾಲು ಹೋಗಿದ್ದು ಒಂದು ದೊಡ್ಡ ಕೂಟದಲ್ಲಿ. ಎರಡು ಮ್ಯಾಟ್ ನಡುವಿನ ಸಂದಿಗೆ ಮೊಣಕಾಲು ಸಿಕ್ಕಿ ತಿರುಚಿತು. ಯಾರ ತಪ್ಪು ಅಂತ ಈಗ ಬರೆದು ಏನೂ ಆಗಬೇಕಾಗಿಲ್ಲ.

ಆಪರೇಷನ್ ಆಗಿ ಮಲಗಿದ್ದಾಗ ಮೇಷ್ಟ್ರು ಒಂದು ಫೋಟೋ ತಂದು ಕೊಟ್ಟರು. ಅಮೆರಿಕದ ಜಿಮ್ ಥಾರ್ಪ್, 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್. ಒಂದೊಂದು ಕಾಲಲ್ಲಿ ಒಂದೊಂದು ಥರದ ಬೂಟು. ತನ್ನ ಬೂಟು ಕಳುವಾಗಿ, ಸಿಕ್ಕಿದ್ದನ್ನು ಹಾಕಿಕೊಂಡು ಆಡಿದ ಅಂತ ಹೇಳುತ್ತಾರೆ. ಸ್ಯಾಕ್ ಅಂಡ್ ಫಾಕ್ಸ್ ಅನ್ನೋ ಮೂಲನಿವಾಸಿ ಬುಡಕಟ್ಟಿನ ಹುಡುಗ. ಆ ಕೂಟದಲ್ಲಿ ಐದು ಸ್ಪರ್ಧೆಯ ಪೆಂಟಾಥ್ಲಾನ್, ಡೆಕಥ್ಲಾನ್ ಎರಡೂ ಗೆದ್ದ. ಡೆಕಥ್ಲಾನ್‌ನಲ್ಲಿ ಎರಡನೆಯವನಾದ ಸ್ವೀಡನ್ನಿನ ವೀಸ್ಲಾಂಡರ್‌ಗಿಂತ ಸುಮಾರು 700 ಪಾಯಿಂಟ್ ಮುಂದೆ. ಆಮೇಲೆ ದೊಡ್ಡ ಲೀಗಿನಲ್ಲಿ ಬೇಸ್‌ಬಾಲ್ ಆಡಿದ, ಅಮೆರಿಕನ್ ಫುಟ್‌ಬಾಲ್ ಆಡಿದ. ಆ ಫುಟ್‌ಬಾಲಿನ ದೊಡ್ಡ ಲೀಗ್, ಈಗಿನ ಎನ್‌ಎಫ್‌ಎಲ್, 1920ರಲ್ಲಿ ಬೇರೆ ಹೆಸರಲ್ಲಿ ಶುರುವಾದಾಗ ಅದರ ಮೊದಲ ಅಧ್ಯಕ್ಷನೂ ಅವನೇ.

ಬೂಟಿನ ಕಥೆ ಎಲ್ಲರೂ ಹೇಳುತ್ತಾರೆ. ನನ್ನನ್ನು ಕಾಡಿದ್ದು ಅದಲ್ಲ. ಒಲಿಂಪಿಕ್ಸಿಗೆ ಮುಂಚೆ ಸಣ್ಣ ಲೀಗೊಂದರಲ್ಲಿ ಸ್ವಲ್ಪ ದುಡ್ಡಿಗೆ ಬೇಸ್‌ಬಾಲ್ ಆಡಿದ್ದ ಅಂತ 1913ರಲ್ಲಿ ಎರಡೂ ಪದಕ ಕಿತ್ತುಕೊಂಡರು. ದುಡ್ಡಿಗೆ ಆಡಿದವರಿಗೆ ಆಗ ಒಲಿಂಪಿಕ್ಸಿನಲ್ಲಿ ಜಾಗ ಇರಲಿಲ್ಲ. ತಕರಾರು 30 ದಿನದೊಳಗೆ ಬರಬೇಕು ಅಂತ ನಿಯಮ ಇತ್ತು. ಬಂದಿದ್ದು ಎಷ್ಟೋ ತಿಂಗಳ ಮೇಲೆ. ಕೊನೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲದೆ, 1953ರಲ್ಲಿ ತೀರಿಕೊಂಡ. ಒಲಿಂಪಿಕ್ ಸಮಿತಿ ಅವನ ಹೆಸರು ಮತ್ತೆ ಸೇರಿಸಿದ್ದು 1982ರಲ್ಲಿ, ಅದೂ ಜಂಟಿ ವಿಜೇತ ಅಂತ. ಅವನೊಬ್ಬನೇ ಗೆದ್ದವನು ಅಂತ ಒಪ್ಪಿದ್ದು 2022ರಲ್ಲಿ. ಕೇಳಿಸಿಕೊಳ್ಳೋಕೆ ಅವನೇ ಇಲ್ಲ! ಇದನ್ನು ಓದಿದಾಗಿನಿಂದ, ನಡೆಯೋಕೆ ಬಂದ ಕೂಡಲೇ ಹೇಳಬೇಕಾದವರಿಗೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು.

ಹಾಗಾಗಿ ಹೇಳುತ್ತೇನೆ. ಅಮ್ಮ, ಕಾಫಿ ಕೊಯ್ಲಿನ ದಿನಗಳಲ್ಲೂ ಅರ್ಧ ಕೂಲಿ ಬಿಟ್ಟು ನನ್ನ ಕಾಲು ಮಡಿಸಿ ಬಿಡಿಸಿ ಮಾಡಿಸಿದ್ದಕ್ಕೆ. ಅಪ್ಪ, ಏನೂ ಮಾತಾಡದೆ ಇದ್ದಿದ್ದಕ್ಕೆ. ಹಾಸನದ ಫಿಸಿಯೋ ಅಕ್ಕ, ನಾನು ಅತ್ತಾಗಲೂ 'ಇನ್ನೊಂದು ಹತ್ತು ಸಲ' ಅಂದಿದ್ದಕ್ಕೆ. ಒಣಗಿಸೋ ಕಣದಲ್ಲಿ ಓಡಾಡೋಕೆ ಬಿಟ್ಟ ಸಾಹುಕಾರ್ರಿಗೆ. ಮಳೆಗಾಲದಲ್ಲಿ ನಮ್ಮ ಮೈದಾನ ಕೆಸರುಗದ್ದೆ ಆದಾಗ ಪಿಕಪ್‌ನಲ್ಲಿ ಹಾಸನದ ಜಿಲ್ಲಾ ಕ್ರೀಡಾಂಗಣಕ್ಕೆ ಬಿಡುತ್ತಿದ್ದ ತರಕಾರಿ ಅಣ್ಣನಿಗೆ. ಧಾರವಾಡ ಕಡೆಯ ಜೆ.ಜೆ. ಶೋಭಾ ಅವರಿಗೂ. ಅವರಿಗೆ ನಾನು ಯಾರಂತಲೇ ಗೊತ್ತಿಲ್ಲ. 2004ರ ಅಥೆನ್ಸ್‌ನಲ್ಲಿ ಕಾಲಿಗೆ ಪೆಟ್ಟಾದ ಮೇಲೂ ಪಟ್ಟಿ ಸುತ್ತಿಕೊಂಡು ಬಂದು ಹೆಪ್ಟಾಥ್ಲಾನ್ (ಹೆಂಗಸರ ಏಳು ಸ್ಪರ್ಧೆಯ ಆಟ) ಮುಗಿಸಿ 11ನೆಯವರಾದರಲ್ಲ, ಅದನ್ನು ನೆನೆಸಿಕೊಂಡೇ ಎಷ್ಟೋ ಬೆಳಿಗ್ಗೆ ಎದ್ದಿದ್ದೇನೆ.

ಇನ್ನೊಬ್ಬರು ಮಂಗಳೂರಿನ ಹುಡುಗ. ಪಾಯಿಂಟ್ ಲೆಕ್ಕದಲ್ಲಿ ನನ್ನ ಎದುರಾಳಿ. ಫೈಬರ್ ಪೋಲ್ ಮೇಲೆ ಎಷ್ಟು ತೂಕದವರಿಗೆ ಅಂತ ಬರೆದಿರುತ್ತದೆ. ತೂಕ ಜಾಸ್ತಿ ಇದ್ದವರು ಹಗುರದ ಪೋಲ್ ಹಿಡಿದರೆ ಮುರಿಯಬಹುದು. ನನಗೆ ಹೊಂದುವ ಪೋಲ್ ಅವನ ಹತ್ತಿರ ಮಾತ್ರ ಇತ್ತು. ಕೇಳುವ ಮೊದಲೇ ಕೊಟ್ಟ. ಹಿಡಿತದ ಟೇಪು ಸಡಿಲ ಇದೆ ಅಂತ ಅದನ್ನೂ ಬಿಚ್ಚಿ ಹೊಸದಾಗಿ ಸುತ್ತಿಕೊಟ್ಟ. ನಾನು ದಾಟಿದ್ದು ಮೂರೇ ಮೀಟರ್, 357 ಪಾಯಿಂಟ್. ನಗಬೇಡಿ. ಶುರುವಿನ ಎತ್ತರ ದಾಟದಿದ್ದರೆ ಅಲ್ಲಿ ಸೊನ್ನೆ. 1500 ಮೀಟರ್‌ನಲ್ಲಿ ಅವನೇ ನನಗಿಂತ ಮುಂದೆ ಬಂದ, ಆಮೇಲೆ ನೀರಿನ ಬಾಟಲಿ ಹಿಡಿದು ಗೆರೆ ಹತ್ತಿರ ನಿಂತಿದ್ದ.

ಕೊನೆಗೆ ದುಡ್ಡಿನ ವಿಷಯ. ಆಪರೇಷನ್ನಿಗೆ ಅಂತ ಊರವರು ಕೂಡಿಸಿಕೊಟ್ಟಿದ್ದರಲ್ಲಿ ಸ್ವಲ್ಪ ಉಳಿದಿತ್ತು. ಬಿಲ್ಲುಗಳ ಸಮೇತ ಮೇಷ್ಟ್ರ ಕೈಗೆ ಕೊಟ್ಟಿದ್ದೇನೆ. ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಶಾಲೆಗೆ ಹರ್ಡಲ್ಸ್ ಮಾಡಿಸುತ್ತಿದ್ದೇವೆ. ವೆಲ್ಡಿಂಗ್ ಅಣ್ಣ ಮಜೂರಿ ಬೇಡ ಅಂದಿದ್ದಾರೆ, ಕಬ್ಬಿಣ ಮಾತ್ರ ನಮ್ಮದು.